ಹನ್ನೊಂದೂ ಹತ್ತಕ್ಕೆ ನಿಲ್ಲುವ ಯಂತ್ರ

ಜನವರಿ 7, ಮಂಗಳವಾರ

ಕಲಬುರಗಿಯಿಂದ ಆಳಂದ ಸೇರುವಾಗ ಸಂಜೆ ಆರು. ಇನ್ನು ಎರಡು ವಾರ ಒಂದಕ್ಷರ ಮಾತಾಡುವಂತಿಲ್ಲ. ಪಿಸುಗುಡುವಂತೆಯೂ ಇಲ್ಲ. ಪಿಸುಮಾತು ಮಾತಿಗಿಂತ ಕೆಟ್ಟದ್ದು ಅಂದರು ಡಾಕ್ಟರು. ಹದಿನಾಲ್ಕು ವರ್ಷ ದಿನಕ್ಕೆ ಐದಾರು ತಾಸು ಆಫೀಸಿನ ಫೋನಿನಲ್ಲಿ ಕೂಗಿ ಕೂಗಿ ಧ್ವನಿತಂತುವಿನ ಮೇಲೆ ಗಂಟು ಬೆಳೆದಿತ್ತು. ನಿನ್ನೆ ತೆಗೆದರು. ಮನೆಯವರ ಜೊತೆಗಿನ ವ್ಯವಹಾರಕ್ಕೆ ಗಂಡ ಸೂರ್ಯಕಾಂತ ಒಂದು ಬರೆಯುವ ಪಾಟಿ ತಂದುಕೊಟ್ಟಿದ್ದಾರೆ. ಈ ನೋಟುಬುಕ್ಕು ನನಗೆ ಮಾತ್ರ.

ಆಪರೇಷನ್ನಿಗಿಂತ ಕಾಯುವುದೇ ಕಷ್ಟವಾಯಿತು. ಬೆಳಿಗ್ಗೆ ಹನ್ನೊಂದಕ್ಕೇ ಚೀಟಿ ಬರೆದು ಮನೆಗೆ ಹೋಗಿ ಅಂದರು. ವಿಮಾ ಕಂಪನಿಯ ಮಂಜೂರಾತಿ ಬಂದದ್ದು ಮೂರು ಗಂಟೆಗೆ. ಕೌಂಟರಿನ ಮುಂದಿನ ಬಾಕಿನ ಮೇಲೆ ನನ್ನ ಪಕ್ಕ ಗೌಸಿಯಾಬೇಗಂ ಅನ್ನುವ ಹೆಂಗಸು ಕೂತಿದ್ದರು. ಜೇವರ್ಗಿಯವರು. ಸೊಸೆಯ ಹೆರಿಗೆಯಾಗಿ ನಾಲ್ಕು ದಿನ, ಕೂಸು ಮಡಿಲಲ್ಲಿ.

"ಎಲ್ಲಾ ಮುಗದದರಿ, ಬರೇ ಕಂಪ್ಯೂಟರ್ ಹೂಂ ಅನಬೇಕಂತ. ಅದು ಅನವಲ್ದು," ಅಂದರು.

ಕೌಂಟರಿನವ ಪರದೆ ನಮ್ಮ ಕಡೆ ತಿರುಗಿಸಿ ತೋರಿಸಿದ. "ನೋಡ್ರಿ, ನಿಂತು ಬಿಟ್ಟದ. ಹೊಸಾ ವರ್ಷ ಬಂದಾಗಿಂದ ದಿನಾ ಹಿಂಗೇ. ಹನ್ನೊಂದಾತು ಅಂದ್ರ ಎರಡು ಮೂರರ ತನಕ ಏನೂ ಹೇಳಾಕ ಬರಂಗಿಲ್ಲ."

ಪರದೆಯ ಮೇಲಿದ್ದ ಹೆಸರು ನಮ್ಮ ಕಂಪನಿಯದು. ನಿಂತದ್ದು ನಾನು ನೋಡಿಕೊಳ್ಳುವ ಯಂತ್ರ. ಗೌಸಿಯಾಬೇಗಂ ಕೂಸಿಗೆ ಬಿಸಿಲು ತಾಗದಂತೆ ಸೆರಗು ಮರೆಮಾಡುತ್ತ ಇನ್ನೂ ಒಂದು ತಾಸು ಕೂತಿದ್ದರು. ಅವರಿಗೆ ಹೇಳೋಣವೆಂದರೂ ನನಗೆ ಬಾಯಿ ಇರಲಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆನೇ, ಗೊತ್ತಿಲ್ಲ.

ಜನವರಿ 8, ಬುಧವಾರ

ಗಂಟಲು ಉರಿ. ಗಂಜಿ. ನಿದ್ದೆ. ಅತ್ತೆ ದಿನವಿಡೀ ನನ್ನ ಪಾಲಿನ ಮಾತನ್ನೂ ಸೇರಿಸಿ ಆಡಿದರು.

ಜನವರಿ 9, ಗುರುವಾರ

ರಜೆ ಹದಿನೈದು ದಿನ ಇದೆ. ಆದರೂ ಲ್ಯಾಪ್‌ಟಾಪ್ ತೆರೆದೆ. ಮೊದಲು ಕಂಡದ್ದು ಗುಲನಾಜ ಮೇಡಂ ಅವರ ಸಂದೇಶ. ಹೈದರಾಬಾದ್ ಆಫೀಸಿನಲ್ಲಿ ಕೂತು ನಮ್ಮ ನಾಲ್ಕು ಜನರ ತಂಡವನ್ನು ನಡೆಸುವವರು ಅವರು, ಮೂಲ ಜೇವರ್ಗಿಯವರೇ. ಧ್ವನಿ ರೆಕಾರ್ಡು ಮಾಡಿ ಕಳಿಸಿದ್ದರು: "ಸಂಘಮಿತ್ರಾ, ಆರಾಮ ತಗೋ, ಆಮ್ಯಾಲ ಓದು. ದಿನಾ ಹನ್ನೊಂದೂ ಹತ್ತಕ್ಕ ಮಂಜೂರಾತಿ ಮಷಿನ್ ನಿಂತು ಬಿಡ್ತದ. ಹತ್ತು ನಿಮಿಷಕ್ಕ ಏಳ್ತದ, ಖರೆ ಅಷ್ಟರಾಗ ಸಾವಿರಗಟ್ಟಲೆ ಅರ್ಜಿ ಹಿಂದ ಬಿದ್ದಿರ್ತಾವ. ಇಪ್ಪತ್ತೆರಡಕ್ಕ ಮ್ಯಾಲಿನವರ ಮೀಟಿಂಗ್ ಅದ. ಹಳೇ ಡಬ್ಬಿ ಸಾಕು, ತಗದು ಒಗೀರಿ ಅನ್ನೋರೇ ಜಾಸ್ತಿ ಅದಾರ."

ಹಳೇ ಡಬ್ಬಿ ಅಂದರೆ ನಮ್ಮ ಮೇನ್‌ಫ್ರೇಮ್, ಕಂಪನಿಯ ಕೆಲಸವೆಲ್ಲ ನಡೆಸುವ ದೊಡ್ಡ ಕಂಪ್ಯೂಟರ್. ಹಳೆಯದೇನಲ್ಲ, ಡಿಸೆಂಬರ್ ಕೊನೆಯ ಶನಿವಾರ ರವಿವಾರ ಕೂತು ಹೊಚ್ಚ ಹೊಸ ಯಂತ್ರಕ್ಕೆ ಎಲ್ಲವನ್ನೂ ನಾವೇ ಸಾಗಿಸಿದ್ದು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನ ಕೆಲಸ ಏನೆಂದು ಕೇಳಿದಾಗ ಹೀಗೆ ಹೇಳಿದ್ದೆ: ಒಂದು ದೊಡ್ಡ ವಾಡೆ, ಒಳಗೆ ಅರವತ್ತು ಸಂಸಾರ. ಒಂದೊಂದು ಸಂಸಾರಕ್ಕೂ ಇಡೀ ವಾಡೆ ತನ್ನದೇ ಅನ್ನಿಸಬೇಕು, ಇನ್ನೊಬ್ಬರು ಇದ್ದಾರೆ ಅಂತ ಗೊತ್ತೇ ಆಗಬಾರದು. ಒಂದು ಯಂತ್ರದೊಳಗೆ ಅರವತ್ತು ಕಲ್ಪನೆಯ ಯಂತ್ರಗಳು. ಅವು ಜಗಳಾಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. "ಹಂಗಾರ ನೀ ವಾಡೇದ ಅತ್ತಿ," ಅಂದಿದ್ದರು ಅತ್ತೆ.

ಇಂಥ ಹೊತ್ತಲ್ಲಿ ನಾನು ಮೊದಲು ಮಾಡುವುದು ಕರಜಗಿಗೆ ಫೋನು. ಅಲ್ಲಿ ದೌಲತರಾಯ ಸರ್ ಇದ್ದಾರೆ. ನನಗೆ ಈ ವಿದ್ಯೆ ಕಲಿಸಿದವರು. ನಿವೃತ್ತರಾಗಿ ಐದು ವರ್ಷ, ಈಗ ಕಬ್ಬು ಬೆಳೆಯುತ್ತಾರೆ. ಐದು ವರ್ಷದಲ್ಲಿ ನಾನು ಅವರಿಗೆ ಫೋನು ಮಾಡದ ವಾರ ಇಲ್ಲ. ಈಗ ಬಾಯಿಲ್ಲ. ಬರೆದು ಕಳಿಸಿದರೆ ಓದಲು ಅವರಿಗೆ ಕಣ್ಣಿಲ್ಲ, ಮೋತಿಬಿಂದಿನ ಪೊರೆ. ಸೂರ್ಯಕಾಂತ ತಾವು ಕಲಿಸುವ ಜಿಡಗಾದ ಸಾಲೆಯಿಂದ ಬಂದವರೇ ಅವರಿಗೆ ಫೋನು ಹಚ್ಚಿ ಎಲ್ಲ ಹೇಳಿ ನನ್ನ ಕೈಗೆ ಕೊಟ್ಟರು.

"ಕೇಳು ಬೇಟಾ, ಹೌದು ಅಂದ್ರ ಫೋನಿನ ಮ್ಯಾಲ ಒಮ್ಮೆ ಬಡಿ. ಅಲ್ಲ ಅಂದ್ರ ಎರಡು ಸಲ. ಹೊಸಾ ಮಷಿನ್ ಮ್ಯಾಲೇ ಶುರು ಆಗಿದ್ದು ಏನು?"

ಒಮ್ಮೆ ಬಡಿದೆ.

"ಪ್ರೊಸೆಸರ್ ತುಂಬ್ತದೇನು ಆ ಹೊತ್ತಿಗೆ?"

ಎರಡು ಸಲ.

"ಅಂದ್ರ ಅದು ಕೆಲಸ ಮಾಡಾಕತ್ತಿಲ್ಲ, ಕಾಯಾಕತ್ತದ. ಯಾತಕ್ಕ ಕಾಯಾಕತ್ತದ ನೋಡು." ಆಮೇಲೆ ಅಂದರು, "ನಾ ಬಿಟ್ಟು ಐದು ವರ್ಷ ಆತು. ಹೊಸಾದು ನನಗ ತಿಳಿಯಂಗಿಲ್ಲ. ಲಿಸ್ಟಿಗೆ ಬರಿ."

ಎರಡು ಸಲ ಬಡಿದೆ.

"ಅಲ್ಲ ಅಂತ ಬಡಿಬ್ಯಾಡ. ಬರಿ."

ಜನವರಿ 11, ಶನಿವಾರ

ಲಿಸ್ಟ್ ಅಂದರೆ ಈ ಯಂತ್ರಗಳನ್ನು ನಡೆಸುವವರೆಲ್ಲ ಸೇರಿಕೊಂಡ ಈಮೇಲ್ ಬಳಗ. ಒಬ್ಬರು ಪ್ರಶ್ನೆ ಕಳಿಸಿದರೆ ಜಗತ್ತಿನ ನಾಲ್ಕು ಮೂಲೆಯಿಂದ ಉತ್ತರ ಬರುತ್ತದೆ. ಕೆಲವರು ನಾನು ಹುಟ್ಟುವ ಮೊದಲಿಂದ ಇದೇ ಕೆಲಸ ಮಾಡಿದವರು. ಹನ್ನೊಂದು ವರ್ಷದಿಂದ ದಿನಾ ಓದುತ್ತೇನೆ, ಒಂದು ಸಾಲು ಬರೆದಿಲ್ಲ. ಅಂಥವರ ನಡುವೆ ನಾನೇನು ಬರೆಯಲಿ? ನನ್ನ ಇಂಗ್ಲಿಷ್ ಬೇರೆ.

ಬೆಳಗಿನ ಚಹಾದಿಂದ ಮಧ್ಯಾಹ್ನದ ಗಂಜಿಯವರೆಗೆ ಕೂತು ಆರು ಸಾಲು ಬರೆದೆ. ನಾಲ್ಕು ಸಲ ಅಳಿಸಿದೆ. ಅತ್ತೆ ಎರಡು ಸಲ ಇಣುಕಿ, "ಯಾರಿಗೆ ಬೇ ಅಷ್ಟು ದೊಡ್ಡ ಕಾಗದ?" ಅಂದರು. ಪಾಟಿಯ ಮೇಲೆ "ಗೊತ್ತಿಲ್ಲದವರಿಗೆ" ಎಂದು ಬರೆದು ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ ಎಂಬುದು ಮರೆತೇ ಹೋಗಿತ್ತು. ಇಬ್ಬರೂ ನಕ್ಕೆವು, ನಾನು ಶಬ್ದವಿಲ್ಲದೆ.

ಎರಡೂವರೆಗೆ ಕಳಿಸಿದೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ಮಡಿಸಿದ ಅರಿವೆ ಇಟ್ಟೆ.

ಜನವರಿ 12, ರವಿವಾರ

ಒಂದೇ ಉತ್ತರ. ಅಮೆರಿಕದ ವಾಲ್ಟರ್ ಎಂಬುವರದು. ನಲವತ್ತೈದು ವರ್ಷದ ಅನುಭವ, ಲಿಸ್ಟಿನಲ್ಲಿ ಎಲ್ಲರೂ ಹೆದರುವ ಮನುಷ್ಯ. "ನಿಧಾನ ಅಂದರೆ ಏನು? ಎಷ್ಟು? ಯಾವ ಹೊತ್ತಿಗೆ? ಅಂಕಿ ಇಲ್ಲದೆ ಕೇಳುವ ಪ್ರಶ್ನೆ ಪ್ರಶ್ನೆಯಲ್ಲ, ದೂರು." ಅಷ್ಟೇ.

ಅಳು ಬಂತು. ಅಳಬಾರದು, ಗಂಟಲಿಗೆ ಕೆಟ್ಟದ್ದು. ಸೂರ್ಯಕಾಂತ ಓದಿ, "ಇದರಾಗ ಬೈದಿದ್ದು ಎಲ್ಲದ? ಏನ್ ಬೇಕು ಅಂತ ಕೇಳ್ಯಾನ. ನಾನೂ ಹುಡುಗರಿಗೆ ದಿನಾ ಇದೇ ಹೇಳ್ತೇನಿ, ಲೆಕ್ಕ ತೋರಸ್ರಿ ಅಂತ," ಅಂದರು.

ಮೇಷ್ಟರನ್ನು ಮದುವೆಯಾದರೆ ಹೀಗೇ.

ಜನವರಿ 13, ಸೋಮವಾರ

ಅಂಕಿ ಬೇಕಂತಲ್ಲ, ಕೊಡೋಣ ಎಂದು ಹತ್ತೂವರೆಗೇ ಕೂತೆ. ಹನ್ನೊಂದಕ್ಕೆ ದೇಶದ ಎಲ್ಲ ಆಸ್ಪತ್ರೆಗಳಲ್ಲೂ ಮನೆಗೆ ಕಳಿಸುವ ಹೊತ್ತು, ಅರ್ಜಿಗಳು ಏರುತ್ತವೆ. ಹನ್ನೊಂದೂ ಎಂಟಕ್ಕೆ ಅರವತ್ತರಲ್ಲಿ ಇನ್ನೊಂದು, ವರದಿ ತಯಾರಿಸುವ ಯಂತ್ರ, ಎಚ್ಚರವಾಗುತ್ತದೆ. ಎದ್ದ ಕೂಡಲೇ ಅದಕ್ಕೆ ಮೆಮೊರಿಯಲ್ಲಿ ದೊಡ್ಡ ಜಾಗ ಬೇಕು. ಜಾಗ ಮಾಡಿಕೊಡಲು ದೊಡ್ಡ ಯಂತ್ರವು ಮಂಜೂರಾತಿ ಯಂತ್ರದ ಸಾಮಾನನ್ನು, ಅಂದರೆ ಮೆಮೊರಿಯಲ್ಲಿದ್ದ ಮಾಹಿತಿಯನ್ನು, ಎತ್ತಿ ಡಿಸ್ಕಿನ ಮೇಲೆ ಇಡುತ್ತದೆ. ಮರುಕ್ಷಣ ಅದಕ್ಕೂ ತನ್ನ ಸಾಮಾನು ಬೇಕು, ವಾಪಸ್ ತರಬೇಕು. ಇದು ಯಾವಾಗಲೂ ನಡೆಯುವುದೇ. ಆದರೆ ಇವತ್ತು ಹನ್ನೊಂದೂ ಹತ್ತಕ್ಕೆ ಆ ಇಡುವ, ತರುವ ಕೆಲಸ ಎಲ್ಲೋ ಸಿಕ್ಕಿಕೊಂಡಂತೆ ನಿಂತಿತು. ಹನ್ನೊಂದು ನಿಮಿಷ.

ನಿಮಿಷಕ್ಕೊಂದರಂತೆ ಅಂಕಿ ಬರೆದುಕೊಂಡೆ. ಮಧ್ಯಾಹ್ನ ಎಲ್ಲವನ್ನೂ ಲಿಸ್ಟಿಗೆ ಕಳಿಸಿದೆ. ಈ ಸಲ ಅಳಿಸಲಿಲ್ಲ, ವೇಳೆಯಿರಲಿಲ್ಲ.

ಜನವರಿ 14, ಮಂಗಳವಾರ. ಸಂಕ್ರಮಣ

ಎಂಟು ಉತ್ತರ! ವಾಲ್ಟರ್ "ಈಗ ಇದು ಪ್ರಶ್ನೆ" ಎಂದು ಬರೆದು, ಎರಡು ಪುಟ ತರ್ಕ ಮಾಡಿದ್ದಾರೆ. ಬ್ರೆಜಿಲ್‌ನವರೊಬ್ಬರಿಗೆ ಅವರ ತರ್ಕ ಒಪ್ಪಿಗೆಯಿಲ್ಲ, ಮಂಜೂರಾತಿ ಯಂತ್ರಕ್ಕೆ ಮೆಮೊರಿ ಜಾಸ್ತಿ ಕೊಡಿ ಅನ್ನುತ್ತಾರೆ. ಜಾಸ್ತಿಯಲ್ಲ, ಕಡಿಮೆ ಕೊಡಿ, ಜಾಗ ಕೊಟ್ಟಷ್ಟೂ ಹರಡಿಕೊಂಡು ಕೂಡುತ್ತದೆ ಎಂದು ಇನ್ನೊಬ್ಬರು. ನನ್ನ ಯಂತ್ರದ ಸಲುವಾಗಿ ಇಬ್ಬರು ಗೊತ್ತಿಲ್ಲದ ಗಂಡಸರು ಜಗಳಾಡುವುದನ್ನು ಎಳ್ಳು-ಬೆಲ್ಲ ತಿನ್ನುತ್ತ ಓದಿದೆ.

ಕೊನೆಯದು ಫಿನ್ಲೆಂಡಿನ ಐನೋ ಎಂಬ ಹೆಣ್ಣುಮಗಳದು. ಒಂದೇ ಸಾಲು: "ಸಾಮಾನು ಇಡುವ ಡಿಸ್ಕುಗಳು ನಿಮ್ಮಲ್ಲಿ ಎಷ್ಟಿವೆ?"

ಪಟ್ಟಿ ತೆರೆದು ಎಣಿಸಿದೆ.

ಎರಡು ಇವೆ. ಹಳೆಯ ಯಂತ್ರದಲ್ಲಿ ಹನ್ನೆರಡಿದ್ದವು, ಸಣ್ಣಸಣ್ಣವು. ದೌಲತರಾಯ ಸರ್ ಇಟ್ಟದ್ದು. ಸಾಗಿಸುವಾಗ, ಇಷ್ಟೊಂದು ಚಿಂದಿ ಯಾಕೆ ಎಂದು ನಾನೇ ಎರಡು ದೊಡ್ಡ ಡಿಸ್ಕು ಮಾಡಿದೆ. ಜಾಗ ಮೊದಲಿಗಿಂತ ಜಾಸ್ತಿಯೇ. ಆದರೆ ಒಂದು ಡಿಸ್ಕು ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ. ಇಲ್ಲಿಯ ಮಾರ್ಕೆಟ್ ಯಾರ್ಡಿಗೆ ತೊಗರಿ ಬರುವ ದಿನ ಹನ್ನೆರಡು ಸಣ್ಣ ಬಾಗಿಲ ಗೋದಾಮು ಮುಚ್ಚಿ, ಅದಕ್ಕಿಂತ ದೊಡ್ಡದಾದ ಎರಡು ಬಾಗಿಲ ಗೋದಾಮು ಕಟ್ಟಿದ ಹಾಗೆ. ಒಳಗೆ ಜಾಗ ಬೇಕಾದಷ್ಟು. ಬಾಗಿಲಲ್ಲಿ ಟ್ರಾಕ್ಟರ್ ಸಾಲು.

ಪುಸ್ತಕದಲ್ಲಿ ಓದಿದ್ದೆ. ಗೊತ್ತಿದ್ದ ವಿಷಯ. ಆಪರೇಷನ್ನಿಗೆ ಮೊದಲು ಎಲ್ಲ ಮುಗಿಸಬೇಕು ಅನ್ನುವ ಅವಸರ, ಮೇಲೆ ಅಚ್ಚುಕಟ್ಟು ಮಾಡಿದೆ ಅನ್ನುವ ಹೆಮ್ಮೆ.

ಪಕ್ಕದ ಮನೆಯ ಪ್ಯಾರಿಬಿ ಎಳ್ಳು ಇಸಿದುಕೊಂಡು ಹೋಗಲು ಬಂದರು. "ಮಾತಿಲ್ದೆ ಮುಖ ಭಾಳ ಸಣ್ಣ ಆಗ್ಯದ," ಅಂದರು ಅತ್ತೆಗೆ. ಅದು ಮಾತಿನ ಸಲುವಾಗಿ ಅಲ್ಲ.

ಜನವರಿ 15, ಬುಧವಾರ

ಸುಮ್ಮನೆ ಸರಿ ಮಾಡಿಬಿಡಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹಾಗೆ ಮಾಡಿದರೆ ಇಪ್ಪತ್ತೆರಡರ ಮೀಟಿಂಗಿನಲ್ಲಿ ಕಾರಣ ಏನು ಎಂದಾಗ "ಗೊತ್ತಿಲ್ಲ, ತಾನಾಗಿ ಸರಿಹೋಯಿತು" ಅನ್ನಬೇಕು. ತಾನಾಗಿ ಕೆಟ್ಟು ತಾನಾಗಿ ಸರಿಹೋಗುವ ಯಂತ್ರವನ್ನು ಯಾರು ಇಟ್ಟುಕೊಳ್ಳುತ್ತಾರೆ? ಯಂತ್ರದ ತಪ್ಪಲ್ಲ ಅನ್ನಬೇಕಾದರೆ ಯಾರ ತಪ್ಪೆಂದು ಹೇಳಲೇಬೇಕು.

ಕೌಂಟರಿನ ಮುಂದಿನ ಬಾಕು ಬೆಳಗಿನಿಂದ ಕಣ್ಣ ಮುಂದೆ. ಇವತ್ತೂ ಹನ್ನೊಂದೂ ಹತ್ತಾಯಿತು, ಇವತ್ತೂ ಎಷ್ಟು ಊರಿನಲ್ಲಿ ಎಷ್ಟು ಜನ ಕೂತರೋ.

ಹನ್ನೊಂದೂವರೆಗೆ ಗುಲನಾಜ ಮೇಡಂಗೆ ಬರೆದೆ. "ಇದು ನನ್ನ ತಪ್ಪು. ಹನ್ನೆರಡು ಡಿಸ್ಕನ್ನು ಎರಡು ಮಾಡಿದ್ದು ನಾನು. ಯಂತ್ರ ಸರಿ ಇದೆ. ರವಿವಾರ ಬೆಳಿಗ್ಗೆ, ಯಂತ್ರ ನಿಲ್ಲಿಸದೆಯೇ ಹನ್ನೆರಡು ಡಿಸ್ಕು ಮತ್ತೆ ಹಾಕುತ್ತೇನೆ. ಅಲ್ಲಿಯವರೆಗೆ ವರದಿ ಯಂತ್ರವನ್ನು ಸಂಜೆ ನಡೆಸಿದರೆ ನಾಳೆಯಿಂದಲೇ ಜನ ಕಾಯುವುದು ತಪ್ಪುತ್ತದೆ." ಅದನ್ನೇ ಲಿಸ್ಟಿಗೂ ಹಾಕಿದೆ.

ಮೇಡಂ ಉತ್ತರ ಸಂಜೆ ಬಂತು, ಧ್ವನಿಯಲ್ಲಿ. "ನೋಡು, ಇದನ್ನ ನಾ ಮುಚ್ಚಿಡಾಕ ಆಗಂಗಿಲ್ಲ. ಮ್ಯಾಲ ಹೇಳಬೇಕಾಗ್ತದ. ಮೆಮೊ ಬರ್ತದ ನಿನಗ." ಹಿಂದೆಯೇ ಇನ್ನೊಂದು: "ವರದಿ ಸಂಜೀಗೆ ಹಾಕ್ಸೇನಿ. ರವಿವಾರ ನಾನೂ ಕೂಡ್ತೇನಿ. ನೀ ಬರಿ, ನಾ ಓದ್ತೇನಿ."

ಜನವರಿ 16, ಗುರುವಾರ

ಇವತ್ತು ಹನ್ನೊಂದೂ ಹತ್ತಕ್ಕೆ ಏನೂ ನಿಲ್ಲಲಿಲ್ಲ.

ಲಿಸ್ಟಿನಲ್ಲಿ ಇಪ್ಪತ್ಮೂರು ಪತ್ರ. ಬೈಗುಳ ಎಂದೇ ತೆರೆದೆ. ಒಂದೂ ಬೈಗುಳವಲ್ಲ, ಎಲ್ಲರೂ ತಮ್ಮ ತಮ್ಮ ತಪ್ಪು ಬರೆದಿದ್ದಾರೆ. ಬ್ರೆಜಿಲ್‌ನವರು ಪರೀಕ್ಷೆಯ ಯಂತ್ರ ಎಂದುಕೊಂಡು ಇಡೀ ಬ್ಯಾಂಕಿನ ಯಂತ್ರ ಬಂದ್ ಮಾಡಿದ್ದರಂತೆ, ಅದೂ ಶುಕ್ರವಾರ ಮಧ್ಯಾಹ್ನ. ಐನೋ ತನ್ನದೇ ಗುಪ್ತಪದ ತಪ್ಪಾಗಿ ಬದಲಿಸಿ, ತಾನು ಕಾಯುವ ಯಂತ್ರದಿಂದ ತಾನೇ ಹೊರಗೆ ಉಳಿದು ಹಿಮದಲ್ಲಿ ಆಫೀಸಿಗೆ ನಡೆದಿದ್ದಳು. ವಾಲ್ಟರ್ ಬರೆದದ್ದು ಎಲ್ಲಕ್ಕಿಂತ ಉದ್ದ. ನಲವತ್ತು ವರ್ಷದ ಹಿಂದೆ ಬೇಡದ ಫೈಲು ಅಳಿಸುವ ಅಪ್ಪಣೆ ಕೊಟ್ಟು ಊಟಕ್ಕೆ ಹೋದರಂತೆ. ವಾಪಸು ಬಂದಾಗ ಕಾರ್ಖಾನೆಯೊಂದರ ಮೂರು ತಿಂಗಳ ಕೆಲಸ ಇರಲಿಲ್ಲ. "ನಾನು ಅದನ್ನು ಆರು ವರ್ಷ ಯಾರಿಗೂ ಹೇಳಲಿಲ್ಲ. ನೀವು ಒಂದು ದಿನ ತಗೊಂಡಿರಿ."

ಅತ್ತೆಗೆ ಸೂರ್ಯಕಾಂತ ಒಂದೊಂದನ್ನೂ ಕನ್ನಡ ಮಾಡಿ ಹೇಳಿದರು. ಬ್ಯಾಂಕು ಬಂದ್ ಮಾಡಿದ್ದು ಕೇಳಿ ಅತ್ತೆ ಬಾಯಿಗೆ ಸೆರಗು ಹಚ್ಚಿ ನಕ್ಕೇ ನಕ್ಕರು. "ಯವ್ವಾ, ಇಂಥೋರ ಕೈಯಾಗ ಅದನಾ ಜಗತ್ತು!"

ಜನವರಿ 17, ಶುಕ್ರವಾರ

ಮೆಮೊ ಬಂತು. ಒಂದು ಪುಟ. ಸಹಿ ಮಾಡಿ ಕಳಿಸಿದೆ. ಮಧ್ಯಾಹ್ನ ಪುಂಡಿಪಲ್ಲೆ, ಜೋಳದ ರೊಟ್ಟಿ. ಹತ್ತು ದಿನದ ಮೇಲೆ ಗಟ್ಟಿ ಊಟ.

ಜನವರಿ 19, ರವಿವಾರ

ಬೆಳಿಗ್ಗೆ ಏಳಕ್ಕೆ ಕೂತೆವು. ಗುಲನಾಜ ಮೇಡಂ ಹೈದರಾಬಾದಿನಲ್ಲಿ, ನಾನು ಪಡಸಾಲೆಯಲ್ಲಿ, ನನ್ನ ಪರದೆ ಇಬ್ಬರ ಮುಂದೆಯೂ. ಮಾತಿಲ್ಲದೆ ಇಂಥ ಕೆಲಸ ಮಾಡಿದ್ದು ಇದೇ ಮೊದಲು. ಪ್ರತಿ ಹೆಜ್ಜೆಯನ್ನೂ ಮೊದಲೇ ಬರೆಯಬೇಕು, ಅವರು ಓದಿ ಹೂಂ ಅನ್ನಬೇಕು, ಆಮೇಲೆ ಅಪ್ಪಣೆ. ಫೋನಿನಲ್ಲಾದರೆ ಮೂರು ಜನ ಒಟ್ಟಿಗೆ ಕೂಗಾಡಿ ಯಾರು ಏನು ಅಂದರೋ ತಿಳಿಯುತ್ತಿರಲಿಲ್ಲ.

ನಾಲ್ಕನೆಯ ಡಿಸ್ಕು ಹಾಕುವಾಗ ಮೇಡಂ ತಡೆದರು. "ತಡಿ ತಡಿ! ನೀ ಬರದ ನಂಬರೇ ಬ್ಯಾರೆ, ಈಗ ಒತ್ತಿದ ನಂಬರೇ ಬ್ಯಾರೆ."

ನಿಜ. ಒಂದಂಕಿ ತಪ್ಪಿತ್ತು. ಅಪ್ಪಣೆ ಕೊಟ್ಟಿದ್ದರೆ ಬೇರೆ ಯಂತ್ರದ ಡಿಸ್ಕು ಅಳಿಸಿ ಹೋಗುತ್ತಿತ್ತು. ಎದ್ದು ಹೋಗಿ ನೀರು ಕುಡಿದು ಬಂದು, "ಧನ್ಯವಾದ. ಮತ್ತೆ ಮೊದಲಿಂದ ಓದಿ" ಎಂದು ಬರೆದೆ. ಹನ್ನೆರಡು ಡಿಸ್ಕೂ ಮುಗಿಯುವಾಗ ಗಂಟೆ ಒಂಬತ್ತೂಕಾಲು. ಅರವತ್ತು ಸಂಸಾರಗಳಲ್ಲಿ ಒಂದಕ್ಕೂ ಗೊತ್ತಾಗಲಿಲ್ಲ.

ಜನವರಿ 20, ಸೋಮವಾರ

ವರದಿಯನ್ನು ಮತ್ತೆ ಹನ್ನೊಂದೂ ಎಂಟಕ್ಕೇ ಹಾಕಿಸಿದೆ. ಬೇಕೆಂದೇ. ಹನ್ನೊಂದೂ ಹತ್ತು, ಹನ್ನೊಂದೂ ಹನ್ನೊಂದು, ಹನ್ನೊಂದೂ ಹನ್ನೆರಡು. ಹನ್ನೊಂದೂ ಇಪ್ಪತ್ತಕ್ಕೆ ಮೇಡಂ, "ಏನೂ ಆಗವಲ್ದು ಬೇ!" ಎಂದು ಕಳಿಸಿದರು. ಅಂಕಿಗಳನ್ನು ಲಿಸ್ಟಿಗೆ ಹಾಕಿದೆ, ಮೊದಲಿನದೂ ಈಗಿನದೂ ಪಕ್ಕಪಕ್ಕ.

ಜನವರಿ 21, ಮಂಗಳವಾರ

ಕಲಬುರಗಿ. ಡಾಕ್ಟರು ಗಂಟಲೊಳಗೆ ನೋಡಿ, "ಚಲೋ ಮಾಯ್ದದ. 'ಆ' ಅನ್ರಿ," ಅಂದರು. ಅಂದೆ. ಒಡೆದ ಕೊಳಲಿನ ಹಾಗೆ ಏನೋ ಬಂತು. ಇನ್ನೆರಡು ವಾರ ದಿನಕ್ಕೆ ಐದು ನಿಮಿಷ ಮಾತ್ರ ಮಾತು. ಬಸ್ಸಿನಲ್ಲಿ, ಲಿಸ್ಟಿಗೆ ಬಂದ ಒಬ್ಬರ ಪ್ರಶ್ನೆಗೆ ಉತ್ತರ ಬರೆಯುತ್ತ ಕೂತೆ. ಕೀನ್ಯಾದವರು, ಡಿಸ್ಕಿನ ವಿಷಯವೇ. ಅಂಕಿ ಕಳಿಸಿ ಅಂದೆ.

ಮನೆಗೆ ಬಂದು ಊಟ ಮಾಡಿ ಪಾತ್ರೆ ಎತ್ತಿಡುವಾಗ ಅತ್ತೆ, "ಮಾತಾಡು ಅಂದಾರಲ್ಲ ಡಾಕ್ಟರು? ಮತ್ಯಾಕ ಸುಮ್ಮ ಅದೀ?" ಅಂದರು. ನೆನಪೇ ಇರಲಿಲ್ಲ.

ಜನವರಿ 23, ಗುರುವಾರ

ನಿನ್ನೆಯ ಮೀಟಿಂಗ್. ಯಂತ್ರ ಇನ್ನು ನಾಲ್ಕು ವರ್ಷ ಇರುತ್ತದೆ. ನನ್ನ ಪತ್ರವನ್ನು ಮೇಡಂ ಹಾಗೇ ಓದಿದರಂತೆ. "ಮೆಮೊ ಫೈಲಿನಾಗೇ ಇರ್ತದ ಮತ್ತ," ಎಂದೂ ಹೇಳಿದರು. ಇರಲಿ.

ಜನವರಿ 26, ರವಿವಾರ

ಇವತ್ತಿನ ಐದು ನಿಮಿಷವನ್ನು ದೌಲತರಾಯ ಸರ್‌ಗಾಗಿ ಉಳಿಸಿಕೊಂಡೇ ಮನೆ ಬಿಟ್ಟೆ. ಬೆಳಗಿನಿಂದ ಯಾರ ಜೊತೆಗೂ ಬಾಯಿ ಬಿಡಲಿಲ್ಲ. ಅಫಜಲಪುರದಲ್ಲಿ ಬಸ್ಸು ಬದಲಿಸಿ ಕರಜಗಿ ಮುಟ್ಟುವಾಗ ಹನ್ನೆರಡು. ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರು. ನೀವಿಟ್ಟ ಹನ್ನೆರಡನ್ನು ನಾನು ಚಿಂದಿ ಅಂದುಕೊಂಡೆ ಸರ್, ತಪ್ಪಾಯಿತು ಎಂಬಲ್ಲಿಂದ ಶುರು ಮಾಡಿ ಏನೇನು ಹೇಳಬೇಕೋ ಎಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

ಸರ್ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದರು. ನಾನು ಕೂಡುವಷ್ಟರಲ್ಲಿ ಅವರಿಗೆ ಫೋನು ಬಂತು. ಪುಣೆಯ ಬೇರೆ ಕಂಪನಿಯ ಕಲ್ಯಾಣಪ್ಪ ಎಂಬುವರು. ಅವರ ಯಂತ್ರದೊಳಗೆ ಬೆಳಗಿನಿಂದ ಯಾರಿಗೂ ಹೋಗಲಾಗುತ್ತಿಲ್ಲ. ಸರ್ ಎರಡು ನಿಮಿಷ ಕೇಳಿಸಿಕೊಂಡು, "ಇಲ್ಲಿ ಒಬ್ರು ಅದಾರ, ಕೇಳ್ರಿ," ಎಂದು ಫೋನು ನನ್ನ ಕೈಗಿಟ್ಟರು.

ನಾನು ಗಂಟಲು ತೋರಿಸಿದೆ. ಅವರಿಗೆ ಕಾಣಿಸಲಿಲ್ಲವೋ, ಕಂಡೂ ಸುಮ್ಮನಾದರೋ.

"ಹೇಳ್ರಿ," ಅಂದೆ. ನನ್ನ ಧ್ವನಿ ನನಗೇ ಬೇರೆಯವರದಾಗಿ ಕೇಳಿತು. "ಮುಖ್ಯ ಪರದೀ ಮ್ಯಾಲ, ಮುದ್ರಣಕ್ಕ ಹೋಗೋ ಫೈಲ್ ಇಡೋ ಜಾಗ ಎಷ್ಟು ತುಂಬ್ಯದ ನೋಡ್ರಿ... ನೂರಕ್ಕ ನೂರೇನು? ಅದೇ ಮತ್ತ. ಎಲ್ಲಾ ಅಳಿಸಬ್ಯಾಡ್ರಿ, ತಡೀರಿ. ಯಾರದು ಎಲ್ಲಾರಿಗಿಂತ ಜಾಸ್ತಿ ಅದ, ಅದನ್ನಷ್ಟು ಮೊದಲ ಓದ್ರಿ... ಹಾಂ. ಅದರಾಗ ಹಳೇವು ಬೇಕೋ ಬ್ಯಾಡೋ ಅಂತ ಅವರಿಗೇ ಕೇಳ್ರಿ. ಆಮ್ಯಾಲ ಅಳಸ್ರಿ. ನಾ ಫೋನ್ ಹಿಡದೇನಿ."

ಆ ಕಡೆ ಕೀಲಿಮಣೆಯ ಸದ್ದು. ಯಾರನ್ನೋ ಕರೆದದ್ದು. ಆಮೇಲೆ, "ಬಂತ್ರಿ! ಒಳಗ ಹೋದ್ವಿ!" ಎಂಬ ಕೂಗು. "ಯಾರ್ರಿ ತಾವು?"

"ಸಂಘಮಿತ್ರಾ. ಆಳಂದದಾಕಿ."

ಫೋನು ಇಟ್ಟು ಗಡಿಯಾರ ನೋಡಿದರೆ ಐದಲ್ಲ, ಏಳು ನಿಮಿಷವಾಗಿತ್ತು. ಇವತ್ತಿನದೂ ಮುಗಿಯಿತು, ನಾಳೆಯದರಲ್ಲೂ ಎರಡು ಹೋಯಿತು. ಸರ್ ಮುಂದೆ ಬಾಯಿ ಮುಚ್ಚಿಕೊಂಡು ಕೂತೆ. ಜೋಡಿಸಿಕೊಂಡು ಬಂದದ್ದು ಒಂದೂ ಹೇಳಲಾಗಲಿಲ್ಲ.

"ಎಲ್ಲಾ ಅಳಿಸಬ್ಯಾಡ ಅಂದಿ ನೋಡು, ಅದು ಚಲೋ ಆತು. ನಾ ಆಗಿದ್ರ ಅಳಿಸಿ ಬಿಡು ಅಂತಿದ್ದೆ," ಅಂದರು ಅವರು. ಮನೆಯವರನ್ನು ಕೂಗಿ ಕಬ್ಬಿನ ಹಾಲು ತರಿಸಿದರು. ಅದು ಕುಡಿದು ಮುಗಿಯುವ ತನಕ ಕಣ್ಣಿನ ಆಪರೇಷನ್ನು, ಸಕ್ಕರೆ ಕಾರ್ಖಾನೆಯವರ ತಡ, ಮೊಮ್ಮಗಳ ಹಟ ಎಲ್ಲ ಹೇಳಿದರು. ಹೊರಡುವಾಗ ಮಾತ್ರ, "ಇನ್ನ ಯಾರರ ಫೋನ್ ಮಾಡಿದ್ರ ನಿನ್ನ ನಂಬರೇ ಕೊಡ್ತೇನಿ. ನನಗ ಕಬ್ಬು ಕಡಿಸೋದದ," ಅಂದರು. ಬೇಡ ಅನ್ನಲು ನನಗೆ ಬಾಯಿರಲಿಲ್ಲ. ಬೇಡ ಅನ್ನಬೇಕೆಂದು ಅನಿಸಲೂ ಇಲ್ಲ.

ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಆಳಂದದ ಬಸ್ಸಿಗೆ ಕಾಯುವಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಎತ್ತಲಿಲ್ಲ. ನಿಂತಲ್ಲೇ ಉತ್ತರ ಬರೆದೆ:

"ಸದ್ಯ ಮಾತಾಡಾಕ ಬರಂಗಿಲ್ರಿ. ಏನಾಗ್ಯದ ಬರೀರಿ, ಅಂಕಿ ಸಮೇತ. ನೋಡೂಣು."